ಹೃದಯದ ಸಿಗ್ನಲ್ ಹಿಡಿದ ಮೇಷ್ಟ್ರು: ವಿಲೆಮ್ ಐಂಥೋವನ್

ಕಳೆದ ವರ್ಷ ಇಂಟರ್ ಬ್ರಾಂಚ್ ಫುಟ್‌ಬಾಲ್ ಮ್ಯಾಚ್‌ನಲ್ಲಿ ನನ್ನ ಗೆಳೆಯನೊಬ್ಬ ಓಡ್ತಾ ಓಡ್ತಾ ಹಾಗೇ ಕುಸಿದುಬಿದ್ದ. ಅರ್ಧ ನಿಮಿಷ ಆಗಿರಬಹುದು, ತಾನಾಗೇ ಕಣ್ಣು ಬಿಟ್ಟ. ನಾವು ಮುಖಕ್ಕೆ ನೀರು ಚಿಮುಕಿಸಿದ್ವಿ, ಗ್ಲೂಕೋಸ್ ಕುಡಿಸಿದ್ವಿ, ಬೆಳಗ್ಗೆ ತಿಂಡಿ ತಿಂದಿಲ್ಲ ಅದಕ್ಕೇ ಹೀಗಾಯ್ತು ಅಂತ ನಾವೇ ತೀರ್ಮಾನ ಮಾಡಿದ್ವಿ. ಸೆಕೆಂಡ್ ಹಾಫ್‌ನಲ್ಲಿ ಅವನು ಮತ್ತೆ ಆಡಿದ, ಗೋಲ್ ಕೂಡ ಹೊಡೆದ. ರಾತ್ರಿ ಮೆಸ್‌ನಲ್ಲಿ ಅದೊಂದು ಜೋಕ್ ಆಯ್ತು, ಅಷ್ಟೆ.

ರಜೆಗೆ ಊರಿಗೆ ಹೋದಾಗ ವಿಷಯ ಅವನ ಅಮ್ಮನಿಗೆ ಗೊತ್ತಾಯ್ತು. ಅವರು ಬಿಡಲಿಲ್ಲ, ಡಾಕ್ಟರ್ ಹತ್ತಿರ ಕರ್ಕೊಂಡು ಹೋದರು. ಮೊದಲು ತೆಗೆದದ್ದೇ ಇಸಿಜಿ. ಅವನು ಹಾಸ್ಟೆಲ್‌ಗೆ ವಾಪಸ್ ಬರುವಾಗ ಆ ಗುಲಾಬಿ ಚೌಕಗಳ ಕಾಗದವನ್ನೂ ತಂದಿದ್ದ. ನಾನು ಎಲೆಕ್ಟ್ರಾನಿಕ್ಸ್ ಬ್ರಾಂಚ್. ನಮಗೆ ವೇವ್‌ಫಾರ್ಮ್ ಕಂಡರೆ ಸುಮ್ಮನಿರೋಕೆ ಆಗಲ್ಲ. ಎಕ್ಸ್ ಆಕ್ಸಿಸ್ ಏನು, ವೈ ಆಕ್ಸಿಸ್ ಏನು, ಈ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರಿಟ್ಟಿದ್ದು ಯಾರು ಅಂತ ಹುಡುಕ್ತಾ ಹೋದೆ. ಎಲ್ಲಾ ದಾರಿಯೂ ಒಬ್ಬರ ಹತ್ತಿರವೇ ಹೋಗಿ ನಿಂತಿತು. ಅವರೇ ವಿಲೆಮ್ ಐಂಥೋವನ್.

ಅವರ ಜೀವನಕ್ಕೆ ಹೋಗುವ ಮುಂಚೆ ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ಹಾರ್ಟ್ ಅಟ್ಯಾಕ್ ಬೇರೆ, ಹೃದಯದ ಬಡಿತದ ಲಯ ತಪ್ಪುವುದು ಬೇರೆ. ಮೊದಲನೆಯದು ಪೈಪ್ ಕಟ್ಟಿಕೊಂಡ ಹಾಗೆ. ಹೃದಯಕ್ಕೆ ರಕ್ತ ಕೊಡುವ ನಾಳ ಬ್ಲಾಕ್ ಆಗುತ್ತೆ. ಎರಡನೆಯದು ವೈರಿಂಗ್ ಕೆಟ್ಟ ಹಾಗೆ. ಪೈಪ್ ಎಲ್ಲಾ ಚೆನ್ನಾಗೇ ಇರುತ್ತೆ, ಆದ್ರೆ ಬಡಿತವನ್ನು ನಡೆಸುವ ವಿದ್ಯುತ್ ಸಂಕೇತ ದಾರಿ ತಪ್ಪುತ್ತೆ. ಹೃದಯದ ಕೆಳಗಿನ ಕೋಣೆಗಳು ರಕ್ತ ಪಂಪ್ ಮಾಡುವ ಬದಲು ಬರೀ ನಡುಗೋಕೆ ಶುರು ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ನಮ್ಮ ವಯಸ್ಸಿನವರು ಇದ್ದಕ್ಕಿದ್ದಂತೆ ಹೃದಯ ನಿಂತು ಸಾಯುವಾಗ ಎಷ್ಟೋ ಸಲ ಕಾರಣ ಈ ಎರಡನೆಯದು. ಇದರಲ್ಲಿ ಒಂದು ಕಷ್ಟ ಇದೆ. ಸತ್ತ ಮೇಲೆ ದೇಹ ತೆರೆದು ನೋಡಿದರೆ ಹೃದಯ ನೋಡೋಕೆ ಸರಿಯಾಗೇ ಇರಬಹುದು. ವಿದ್ಯುತ್ ಸಂಕೇತ ಹಿಂದೆ ಯಾವ ಗುರುತನ್ನೂ ಬಿಟ್ಟು ಹೋಗಲ್ಲ. ಬದುಕಿರುವಾಗಲೇ ಅದನ್ನು ಹಿಡಿಯಬೇಕು. ಹೇಗೆ ಹಿಡಿಯೋದು ಅಂತ ತೋರಿಸಿಕೊಟ್ಟವರು ಐಂಥೋವನ್.

ಅವರು ಹುಟ್ಟಿದ್ದು ಯುರೋಪಿನಲ್ಲಲ್ಲ, ಈಗಿನ ಇಂಡೋನೇಷ್ಯಾದ ಜಾವಾ ದ್ವೀಪದ ಸೆಮರಾಂಗ್ ಊರಲ್ಲಿ, 1860ರ ಮೇ 21ರಂದು. ಆಗ ಅದು ಡಚ್ಚರ ವಸಾಹತು. ತಂದೆ ಅಲ್ಲಿ ವೈದ್ಯರಾಗಿದ್ದರು. ಮಗನಿಗೆ ಆರು ವರ್ಷ ಆಗಿದ್ದಾಗ ತಂದೆ ತೀರಿಕೊಂಡರು. ಆರು ಮಕ್ಕಳನ್ನು ಇಟ್ಕೊಂಡು ತಾಯಿ ಒಬ್ಬರೇ ಸಂಸಾರ ತೂಗಿಸಬೇಕಾಯ್ತು. 1870ರಲ್ಲಿ ಅವರು ಮಕ್ಕಳನ್ನೆಲ್ಲಾ ಕರ್ಕೊಂಡು ಹಾಲೆಂಡಿನ ಉಟ್ರೆಕ್ಟ್‌ಗೆ ಬಂದು ನೆಲೆಸಿದರು. ಶಾಲೆ ಮುಗಿದ ಮೇಲೆ ವಿಲೆಮ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರು. ಅಪ್ಪನ ದಾರಿಯಲ್ಲೇ ಹೋಗಬೇಕು ಅನ್ನೋದು ಅವರ ಆಸೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಬರುತ್ತೆ. ಐಂಥೋವನ್ ಪುಸ್ತಕದ ಹುಳು ಆಗಿರಲಿಲ್ಲ. ಜಿಮ್ನಾಸ್ಟಿಕ್ಸ್, ಕತ್ತಿವರಸೆ, ದೋಣಿ ಹುಟ್ಟುಹಾಕೋದು ಎಲ್ಲದರಲ್ಲೂ ಇದ್ದರು. ಉಟ್ರೆಕ್ಟ್ ವಿದ್ಯಾರ್ಥಿಗಳ ರೋಯಿಂಗ್ ಕ್ಲಬ್ 1880ರಲ್ಲಿ ಶುರುವಾದಾಗ ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಓದುವ ಭರದಲ್ಲಿ ದೇಹವನ್ನು ಮರೆಯಬೇಡಿ ಅಂತ ಜೊತೆಯವರಿಗೆ ಹೇಳ್ತಾ ಇದ್ದರಂತೆ. ಒಮ್ಮೆ ಆಟದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮನೆಯಲ್ಲೇ ಕೂರಬೇಕಾಯ್ತು. ನಾವಾಗಿದ್ರೆ ವೆಬ್ ಸೀರೀಸ್ ನೋಡ್ತಿದ್ವಿ. ಅವರು ಕೈ ಹೇಗೆ ತಿರುಗುತ್ತೆ, ಮೊಣಕೈ ಕೀಲು ಹೇಗೆ ಕೆಲಸ ಮಾಡುತ್ತೆ ಅಂತ ಯೋಚಿಸ್ತಾ ಕೂತರು. ಅವರ ಮೊದಲ ಸಂಶೋಧನಾ ಬರಹ ಬಂದಿದ್ದು ಅಲ್ಲಿಂದಲೇ, ಮೊಣಕೈ ಕೀಲಿನ ಮೇಲೆ. ಓದಿದ್ದು ವೈದ್ಯಕೀಯ ಆದ್ರೂ ತಲೆ ಮಾತ್ರ ಮೆಕ್ಯಾನಿಕಲ್ ಇಂಜಿನಿಯರ್‌ದು.

1885ರಲ್ಲಿ ಡಾಕ್ಟರೇಟ್ ಮುಗೀತು. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಫಿಸಿಯಾಲಜಿ ಪ್ರೊಫೆಸರ್ ಆಗಿ ಆರಿಸಿತು. ವಯಸ್ಸು 25. ನಮ್ಮಲ್ಲಿ ಅಷ್ಟು ಹೊತ್ತಿಗೆ ಎಂ.ಟೆಕ್ ಮುಗಿಸಿದರೆ ದೊಡ್ಡದು. ಮುಂದೆ ಸಾಯುವವರೆಗೂ ಅವರು ಅಲ್ಲೇ ಇದ್ದರು.

ಹೃದಯ ಬಡಿದಾಗ ಸಣ್ಣ ಪ್ರಮಾಣದ ವಿದ್ಯುತ್ ಹುಟ್ಟುತ್ತೆ ಅನ್ನೋದು ಆಗಲೇ ಗೊತ್ತಿತ್ತು. ಕಪ್ಪೆಯಂತಹ ಪ್ರಾಣಿಗಳ ಎದೆ ತೆರೆದು ಅದನ್ನು ಅಳೆದಿದ್ದರು. ಬದುಕಿರುವ ಮನುಷ್ಯನ ಎದೆ ತೆರೆಯದೆ ಅಳೆಯೋದು ಹೇಗೆ? 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಇದನ್ನು ಮೊದಲ ಬಾರಿಗೆ ಮಾಡಿ ತೋರಿಸಿದರು. ಅವರು ಬಳಸಿದ್ದು ಕ್ಯಾಪಿಲರಿ ಎಲೆಕ್ಟ್ರೋಮೀಟರ್. ಒಂದು ಸಪೂರ ಗಾಜಿನ ಕೊಳವೆ, ಅದರಲ್ಲಿ ಪಾದರಸ, ಮೇಲೆ ಸ್ವಲ್ಪ ಆಮ್ಲ. ವೋಲ್ಟೇಜ್ ಬದಲಾದ ಹಾಗೆ ಪಾದರಸದ ತುದಿ ಮೇಲೆ ಕೆಳಗೆ ಆಡುತ್ತೆ. ಅದರ ನೆರಳು ಚಲಿಸುವ ಫೋಟೋ ಪ್ಲೇಟ್ ಮೇಲೆ ಬೀಳುತ್ತೆ. ಪ್ಲೇಟನ್ನು ಚಲಿಸೋಕೆ ವಾಲರ್ ಬಳಸಿದ್ದು ಒಂದು ಆಟಿಕೆ ರೈಲು! 1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶರೀರ ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ವಾಲರ್ ತಮ್ಮ ನಾಯಿ ಜಿಮ್ಮಿಯ ಮೇಲೆ ಈ ಪ್ರಯೋಗ ತೋರಿಸಿದರು. ನೋಡ್ತಾ ಇದ್ದವರಲ್ಲಿ ಐಂಥೋವನ್ ಕೂಡ ಇದ್ದರು.

ವಾಪಸ್ ಬಂದು ತಾವೂ ಅದೇ ಉಪಕರಣ ಹಿಡಿದು ಕೂತರು. ತೊಂದರೆ ಒಂದೆರಡಲ್ಲ. ಹೃದಯದ ಸಿಗ್ನಲ್ ಚರ್ಮದ ಮೇಲೆ ಸಿಗೋದು ಸುಮಾರು ಒಂದು ಮಿಲಿವೋಲ್ಟ್. ಲ್ಯಾಬ್ ಪಕ್ಕದ ಕಲ್ಲುಹಾಸಿನ ರಸ್ತೆಯಲ್ಲಿ ಕುದುರೆ ಗಾಡಿ ಹೋದರೆ ಸಾಕು, ಪಾದರಸ ನಡುಗಿ ರೀಡಿಂಗ್ ಹಾಳು. ನೆಲ ಅಗೆಸಿ ದೊಡ್ಡ ಕಲ್ಲು ತುಂಬಿಸಿ ನೋಡಿದರು ಅಂತ ಓದಿದ್ದೀನಿ. ಎಲ್ಲಕ್ಕಿಂತ ದೊಡ್ಡ ತೊಂದರೆ ಏನಂದ್ರೆ ಪಾದರಸ ನಿಧಾನ. ಸಿಗ್ನಲ್ ಓಡ್ತಾ ಇರುತ್ತೆ, ಇದು ಹಿಂದೆ ತೆವಳ್ತಾ ಬರುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಲೋ ಪಾಸ್ ಫಿಲ್ಟರ್ ಹಾಕಿದ ಹಾಗೆ, ಚೂಪಾದ ಭಾಗ ಎಲ್ಲಾ ಮೊಂಡಾಗಿ ಹೋಗುತ್ತೆ.

ಐಂಥೋವನ್ ಲೆಕ್ಕಕ್ಕೆ ಕೂತರು. ಉಪಕರಣ ಎಷ್ಟು ನಿಧಾನ ಅನ್ನೋದು ಗೊತ್ತಿದ್ದರೆ, ಅದು ಬರೆದ ತಪ್ಪು ಗೆರೆಯಿಂದ ನಿಜವಾದ ಗೆರೆ ಹೇಗಿರಬೇಕು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ, ಎಲ್ಲಾ ಕೈಯಲ್ಲೇ. ಉಪಕರಣ ಬರೆದ ಗೆರೆಯ ಏರಿಳಿತಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿತ್ತು. ಲೆಕ್ಕ ಹಾಕಿ ತಿದ್ದಿದ ಗೆರೆಗೆ ಬೇರೆ ಹೆಸರು ಬೇಕಾಯ್ತು. 1895ರಲ್ಲಿ ಅದಕ್ಕೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಕೊಟ್ಟರು. ಪಿ ಅಂದ್ರೆ ಮೇಲಿನ ಕೋಣೆಗಳಲ್ಲಿ ಸಂಕೇತ ಹರಡಿದ್ದು. ಕ್ಯೂ, ಆರ್, ಎಸ್ ಸೇರಿ ಕೆಳಗಿನ ಕೋಣೆಗಳಲ್ಲಿ ಹರಡಿದ್ದು. ಟಿ ಅಂದ್ರೆ ಕೆಳಗಿನ ಕೋಣೆಗಳು ಮುಂದಿನ ಬಡಿತಕ್ಕೆ ಮತ್ತೆ ರೀಚಾರ್ಜ್ ಆಗಿದ್ದು. ನನ್ನ ಗೆಳೆಯನ ಕಾಗದದ ಮೇಲೆ ಇದ್ದಿದ್ದೂ ಇದೇ ಅಕ್ಷರಗಳು.

ಬೇರೆಯವರಾಗಿದ್ರೆ ಇಷ್ಟಕ್ಕೇ ಪೇಪರ್ ಪಬ್ಲಿಷ್ ಮಾಡಿ ಸುಮ್ಮನಾಗ್ತಿದ್ರೇನೋ. ಆದ್ರೆ ಪ್ರತಿ ರೋಗಿಗೂ ಕೂತು ಇಷ್ಟು ಲೆಕ್ಕ ಹಾಕೋಕೆ ಆಗುತ್ತಾ? ಉಪಕರಣವನ್ನೇ ಬದಲಾಯಿಸಬೇಕು ಅಂತ ತೀರ್ಮಾನ ಮಾಡಿದರು. ನಮ್ಮ ಲ್ಯಾಬ್‌ನಲ್ಲಿ ಇರುವ ಡಿ'ಆರ್ಸನ್ವಾಲ್ ಗ್ಯಾಲ್ವನೋಮೀಟರ್‌ನಲ್ಲಿ ಕಾಂತದ ನಡುವೆ ಕಾಯಿಲ್ ತಿರುಗುತ್ತೆ ಅಲ್ವಾ, ಆ ಕಾಯಿಲ್‌ಗೆ ತೂಕ ಇದೆ, ಅದಕ್ಕೇ ಅದು ನಿಧಾನ. ಕಾಯಿಲ್ ಬದಲು ಒಂದೇ ಒಂದು ಎಳೆ ಇದ್ದರೆ? 1901ರಲ್ಲಿ ಅವರು ಪ್ರಕಟಿಸಿದ ಸ್ಟ್ರಿಂಗ್ ಗ್ಯಾಲ್ವನೋಮೀಟರ್ ಅಂದ್ರೆ ಇದೇ. ಫ್ರಾನ್ಸಿನ ಕ್ಲೆಮಾಂ ಅದೇರ್ 1897ರಲ್ಲೇ ಸಮುದ್ರದಡಿಯ ಟೆಲಿಗ್ರಾಫ್‌ಗೆ ತಂತಿಯ ಇಂಥದೇ ಒಂದು ಉಪಕರಣ ಮಾಡಿದ್ದರು. ಆದ್ರೆ ಹೃದಯದ ಸಿಗ್ನಲ್ ಹಿಡಿಯುವಷ್ಟು ಸೂಕ್ಷ್ಮವಾಗಿ ಮಾಡಿದ್ದು ಐಂಥೋವನ್.

ಆ ಎಳೆ ಸ್ಫಟಿಕ ಶಿಲೆಯದು, ಅಂದ್ರೆ ಕ್ವಾರ್ಟ್ಜ್. ಅದನ್ನು ಕರಗಿಸಿ, ಕರಗಿದ ಕ್ವಾರ್ಟ್ಜನ್ನು ಬಾಣಕ್ಕೆ ಅಂಟಿಸಿ ಬಾಣ ಬಿಟ್ಟರೆ ಹಿಂದೆ ಕೂದಲಿಗಿಂತ ತೆಳುವಾದ ಎಳೆ ಉಳಿಯುತ್ತೆ. ದಪ್ಪ ಎರಡು ಮೂರು ಮೈಕ್ರಾನ್ ಅಷ್ಟೆ. ವಿದ್ಯುತ್ ಹರೀಲಿ ಅಂತ ಅದಕ್ಕೆ ಬೆಳ್ಳಿಯ ಲೇಪ. ಈ ಎಳೆಯನ್ನು ಭಾರಿ ಎಲೆಕ್ಟ್ರೋಮ್ಯಾಗ್ನೆಟ್‌ನ ಎರಡು ಧ್ರುವಗಳ ನಡುವೆ ಬಿಗಿದು ಕಟ್ಟಿದರು. ಹೃದಯದ ಕರೆಂಟ್ ಎಳೆಯಲ್ಲಿ ಹರಿದಾಗ ಅದು ಪಕ್ಕಕ್ಕೆ ಸರಿಯುತ್ತೆ. ಫಿಸಿಕ್ಸ್‌ನಲ್ಲಿ ನಾವು ಬಾಯಿಪಾಠ ಮಾಡಿದ ಲೊರೆಂಟ್ಜ್ ಫೋರ್ಸ್ ಅದು. ಆ ಲೊರೆಂಟ್ಜ್ ಕೂಡ ಅದೇ ಕಾಲದಲ್ಲಿ ಅದೇ ಲೈಡನ್‌ನಲ್ಲಿ ಪ್ರೊಫೆಸರ್ ಆಗಿದ್ದರು! ಎಳೆಯ ನೆರಳನ್ನು ಮೈಕ್ರೋಸ್ಕೋಪಿನಿಂದ ನೂರಾರು ಪಟ್ಟು ದೊಡ್ಡದು ಮಾಡಿ ಫೋಟೋ ಪ್ಲೇಟ್ ಮೇಲೆ ಬೀಳಿಸಿದರು. ಈ ಸಲ ಬಂದ ಗೆರೆ, ಹಿಂದೆ ಲೆಕ್ಕ ಹಾಕಿ ಬರೆದ ಗೆರೆಗೆ ಸರಿಯಾಗಿ ಹೊಂದಿಕೊಂಡಿತು. ಅಷ್ಟು ವರ್ಷದ ಕೈಲೆಕ್ಕ ತಪ್ಪಾಗಿರಲಿಲ್ಲ.

ಮೆಷಿನ್ ತೂಕ ಸುಮಾರು 270 ಕೆಜಿ. ನಡೆಸೋಕೆ ಐದು ಜನ ಬೇಕು. ಕಾಂತ ಬಿಸಿಯಾಗದ ಹಾಗೆ ನೀರು ಹರಿಸ್ತಾ ಇರಬೇಕು. ಅಂಟಿಸುವ ಎಲೆಕ್ಟ್ರೋಡ್ ಆಗ ಇರಲಿಲ್ಲ, ರೋಗಿ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅಡ್ಡಕ್ಕೆ ಒಂದು ಮಿಲಿಮೀಟರ್ ಅಂದ್ರೆ 0.04 ಸೆಕೆಂಡ್, ಉದ್ದಕ್ಕೆ ಒಂದು ಮಿಲಿಮೀಟರ್ ಅಂದ್ರೆ 0.1 ಮಿಲಿವೋಲ್ಟ್ ಅನ್ನೋ ಅಳತೆ ಅವರು ಇಟ್ಟಿದ್ದೇ. ಇವತ್ತು ಸಾಮಾನ್ಯವಾಗಿ ಎಲ್ಲಾ ಆಸ್ಪತ್ರೆಯಲ್ಲೂ ಇಸಿಜಿ ಕಾಗದದ ಸಣ್ಣ ಚೌಕ ಅಷ್ಟೇ.

ಇಷ್ಟು ದೊಡ್ಡ ಮೆಷಿನ್‌ನ ಆಸ್ಪತ್ರೆಗೆ ಒಯ್ಯೋಕೆ ಆಗಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಲ್ಯಾಬ್‌ಗೆ ತರೋಕೂ ಆಗಲ್ಲ. ಹಾಗಾದ್ರೆ ಸಿಗ್ನಲ್ಲೇ ಬರಲಿ ಅಂದರು. ಆಸ್ಪತ್ರೆಯಿಂದ ಲ್ಯಾಬ್‌ವರೆಗೆ ಒಂದೂವರೆ ಕಿಲೋಮೀಟರ್ ಟೆಲಿಫೋನ್ ಕೇಬಲ್ ಮೂಲಕ 1905ರ ಮಾರ್ಚ್ 22ರಂದು ಮೊದಲ ಇಸಿಜಿ ಕಳಿಸಿದರು. ಆವತ್ತು ಆಸ್ಪತ್ರೆಯಲ್ಲಿ ಕೂತಿದ್ದವನು ಗಟ್ಟಿಮುಟ್ಟಾದ, ಆರೋಗ್ಯವಂತ ಮನುಷ್ಯ. ಅವನ ಆರ್ ಅಲೆ ಎತ್ತರವಾಗಿ ಬಂತು. ಲ್ಯಾಬ್‌ನಿಂದ ಆಸ್ಪತ್ರೆಗೆ ಸೈಕಲ್ ತುಳ್ಕೊಂಡು ಹೋಗಿದ್ದೇ ಅದಕ್ಕೆ ಕಾರಣ ಅಂತ ಅಂದುಕೊಂಡರು. ಇವತ್ತು ನಮ್ಮ ರಾಜ್ಯದ ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡ್ತಾರೆ. ಅದರ ಅಜ್ಜ ಲೈಡನ್‌ನ ಆ ಟೆಲಿಫೋನ್ ಕೇಬಲ್.

ಆ ಕೇಬಲ್ ಮೂಲಕ ಬಂದ ಗೆರೆಗಳನ್ನು ಅವರು 1906ರಲ್ಲಿ ಪ್ರಕಟಿಸಿದರು. ಹೊತ್ತಿಗೆ ಮುಂಚೆಯೇ ಬರುವ ಬಡಿತ, ಮೇಲಿನ ಕೋಣೆಯ ಸಂಕೇತ ಕೆಳಗೆ ತಲುಪದೇ ಇರುವ ಹಾರ್ಟ್ ಬ್ಲಾಕ್, ಮೇಲಿನ ಕೋಣೆಗಳು ಅತಿ ವೇಗದಲ್ಲಿ ಪಟಪಟ ಅನ್ನೋದು, ಎಲ್ಲಾ ಅದರಲ್ಲಿತ್ತು. ಅಲ್ಲಿವರೆಗೆ ಡಾಕ್ಟರ್ ನಾಡಿ ಹಿಡಿದು ಏನೋ ಸರಿಯಿಲ್ಲ ಅಂತ ಮಾತ್ರ ಹೇಳಬಹುದಿತ್ತು. ಈಗ ಎಲ್ಲಿ ಸರಿಯಿಲ್ಲ ಅಂತ ಗೆರೆ ತೋರಿಸ್ತಾ ಇತ್ತು.

ಮ್ಯೂನಿಕ್‌ನ ಒಂದು ಕಂಪನಿ ಇದನ್ನು ತಯಾರಿಸಿ ಮಾರಿತು, ಆಮೇಲೆ ರಾಯಲ್ಟಿ ಕೊಡೋದು ನಿಲ್ಲಿಸಿತು. ನಂತರ ಇಂಗ್ಲೆಂಡಿನ ಕೇಂಬ್ರಿಡ್ಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಕೈಗೆತ್ತಿಕೊಂಡಿತು. ಅದನ್ನು ನಡೆಸ್ತಾ ಇದ್ದವರು ಚಾರ್ಲ್ಸ್ ಡಾರ್ವಿನ್ ಅವರ ಮಗ ಹೊರೇಸ್ ಡಾರ್ವಿನ್. ಲಂಡನ್‌ನಲ್ಲಿ ಥಾಮಸ್ ಲೂಯಿಸ್ ಇದೇ ಮೆಷಿನ್ ಇಟ್ಕೊಂಡು ಲಯ ತಪ್ಪುವ ಕಾಯಿಲೆಗಳನ್ನು ಒಂದೊಂದಾಗಿ ಬಿಡಿಸಿದರು. 1912ರ ಹೊತ್ತಿಗೆ ಐಂಥೋವನ್ ಎರಡು ಕೈ, ಒಂದು ಎಡಗಾಲು ಸೇರಿಸಿ ತ್ರಿಕೋನದ ಲೆಕ್ಕ ಕೊಟ್ಟರು. ಲೀಡ್ ಒಂದು ಮತ್ತು ಲೀಡ್ ಮೂರು ಕೂಡಿಸಿದರೆ ಲೀಡ್ ಎರಡು. ಮೆಡಿಕಲ್ ಓದುವವರಿಗೆ ಇದು ಐಂಥೋವನ್ ನಿಯಮ. ನಮಗೆ ಫಸ್ಟ್ ಇಯರ್‌ನ ಕಿರ್ಚಾಫ್ ವೋಲ್ಟೇಜ್ ಲಾ, ಅಷ್ಟೆ.

1924ರ ನೊಬೆಲ್ ಪ್ರಶಸ್ತಿ ಬಂದಾಗ ಅವರು ಅಮೆರಿಕದಲ್ಲಿ ಉಪನ್ಯಾಸ ಕೊಡ್ತಾ ಇದ್ದರು. ಮುಂದಿನ ವರ್ಷ ಕೊಟ್ಟ ನೊಬೆಲ್ ಭಾಷಣದಲ್ಲಿ ಲೂಯಿಸ್ ಅವರ ಕೆಲಸವನ್ನು ಮನಸಾರೆ ಹೊಗಳಿದರು. ಇನ್ನೊಂದು ಕತೆಯನ್ನೂ ಹೇಳ್ತಾರೆ. ಮೆಷಿನ್ ಕಟ್ಟೋಕೆ ಜೊತೆಗಿದ್ದ ಲ್ಯಾಬ್ ಸಹಾಯಕರನ್ನು ಪ್ರಶಸ್ತಿ ಬಂದ ಮೇಲೆ ಹುಡುಕಿದರಂತೆ. ಅವರು ತೀರಿಕೊಂಡಿದ್ದರು, ಅವರ ಸಹೋದರಿಯರು ಬಡತನದಲ್ಲಿದ್ದರು. ಪ್ರಶಸ್ತಿ ಹಣದಲ್ಲಿ ಅರ್ಧ ಅವರಿಗೆ ಕೊಟ್ಟರು ಅಂತ.

ಕೊನೆಯ ವರ್ಷಗಳಲ್ಲಿ ಇಂಜಿನಿಯರ್ ಆಗಿದ್ದ ಮಗನ ಜೊತೆ ಸೇರಿ, ಅದೇ ಎಳೆಯನ್ನು ನಿರ್ವಾತದಲ್ಲಿಟ್ಟು ದೂರದ ರೇಡಿಯೋ ಟೆಲಿಗ್ರಾಫ್ ಸಂಕೇತ ಹಿಡಿಯೋ ಕೆಲಸ ಮಾಡಿದರು. 1927ರ ಸೆಪ್ಟೆಂಬರ್ ಕೊನೆಯಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಆ ಗೆರೆ ಕೆಲಸ ಮಾಡ್ತಾನೇ ಇತ್ತು. 1930ರಲ್ಲಿ ವೋಲ್ಫ್, ಪಾರ್ಕಿನ್‌ಸನ್, ವೈಟ್ ಅನ್ನೋ ಮೂವರು ವೈದ್ಯರು, ಇದ್ದಕ್ಕಿದ್ದಂತೆ ಎದೆ ವಿಪರೀತ ಹೊಡೆದುಕೊಳ್ಳುವ ಆರೋಗ್ಯವಂತ ಯುವಕರ ಇಸಿಜಿಯಲ್ಲಿ ಒಂದೇ ತರಹದ ಗುರುತು ಕಂಡರು. ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವೈರ್ ಇರೋದು ಅದಕ್ಕೆ ಕಾರಣ ಅಂತ ಆಮೇಲೆ ಗೊತ್ತಾಯ್ತು. 1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಒಂದು ಮನೆಯ ವಿಷಯ ಬರೆದರು. ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟಿನಿಂದ ಕಿವಿ ಕೇಳಿಸ್ತಾ ಇರಲಿಲ್ಲ, ಪದೇ ಪದೇ ಪ್ರಜ್ಞೆ ತಪ್ಪಿ ಬೀಳ್ತಾ ಇದ್ದರು. ಮೂವರು 4, 5, 9ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸತ್ತರು. ಇಸಿಜಿಯಲ್ಲಿ ಕ್ಯೂನಿಂದ ಟಿವರೆಗಿನ ದೂರ ಇರಬೇಕಾದ್ದಕ್ಕಿಂತ ಉದ್ದ ಇತ್ತು. ಅಂದ್ರೆ ರೀಚಾರ್ಜ್ ಆಗೋದು ನಿಧಾನ. ಓಡಿದಾಗ, ಬೆಚ್ಚಿಬಿದ್ದಾಗ ಅಂಥ ಹೃದಯದ ಲಯ ತಪ್ಪಬಹುದು. ಇದಕ್ಕೆ ಇವತ್ತು ಲಾಂಗ್ ಕ್ಯೂಟಿ ಸಿಂಡ್ರೋಮ್ ಅಂತಾರೆ. ಆ ಹೆಸರಲ್ಲಿರುವ ಎರಡು ಅಕ್ಷರ 1895ರ ಕೈಲೆಕ್ಕದಿಂದ ಬಂದಿದ್ದು. ಇಂಥ ಮಕ್ಕಳನ್ನು ಎಷ್ಟೋ ಕಡೆ ಫಿಟ್ಸ್ ಅಂತ ತಪ್ಪು ತಿಳ್ಕೊಳ್ತಾರೆ. ಗೊತ್ತಾದರೆ ಮಾತ್ರೆ ಇದೆ, ಬೇಕಾದರೆ ಎದೆಯೊಳಗೆ ಇಡುವ ಸಣ್ಣ ಡಿಫಿಬ್ರಿಲೇಟರ್ ಇದೆ. ಗೊತ್ತಾಗಬೇಕು ಅಷ್ಟೆ.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಸೇರಿದ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದ ಯುವ ಆಟಗಾರರಲ್ಲಿ ವರ್ಷಕ್ಕೆ ಲಕ್ಷಕ್ಕೆ 3.6ರಷ್ಟಿದ್ದ ಹಠಾತ್ ಸಾವು 0.4ಕ್ಕೆ ಇಳಿಯಿತು ಅಂತ 2006ರಲ್ಲಿ ಪ್ರಕಟವಾಯ್ತು. ಎಲ್ಲಾ ದೇಶದವರೂ ಇದನ್ನು ಒಪ್ಪಲ್ಲ. ಇಸಿಜಿ ಎಲ್ಲವನ್ನೂ ಹಿಡಿಯಲ್ಲ, ಕೆಲವು ಸಲ ಏನೂ ಇಲ್ಲದವರಿಗೆ ಭಯ ಹುಟ್ಟಿಸುತ್ತೆ ಅನ್ನೋದು ಅವರ ವಾದ. ಅದೂ ನಿಜವೇ. ಹಾಗಂತ ಎಲ್ಲರೂ ನಾಳೆನೇ ಹೋಗಿ ಇಸಿಜಿ ತೆಗೆಸಿ ಅಂತ ನಾನು ಹೇಳ್ತಿಲ್ಲ. ಆದ್ರೆ ಓಡುವಾಗ, ಆಡುವಾಗ ಯಾರಾದರೂ ಪ್ರಜ್ಞೆ ತಪ್ಪಿದರೆ, ಮನೆಯಲ್ಲಿ ಚಿಕ್ಕ ವಯಸ್ಸಿನವರು ಕಾರಣ ಗೊತ್ತಿಲ್ಲದೆ ಇದ್ದಕ್ಕಿದ್ದಂತೆ ಸತ್ತಿದ್ದರೆ, ಅದನ್ನು ವೀಕ್‌ನೆಸ್ ಅಂತ ಬಿಡಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಕಣ್ಣೆದುರೇ ಒಬ್ಬರು ಕುಸಿದು, ಕರೆದರೆ ಮಾತಿಲ್ಲ, ಉಸಿರಾಟ ಸರಿಯಿಲ್ಲ ಅಂದ್ರೆ ನೀರು ಚಿಮುಕಿಸ್ತಾ ಕೂರೋದಲ್ಲ. 108ಕ್ಕೆ ಫೋನ್ ಮಾಡಿ, ಎದೆಯ ಮಧ್ಯೆ ಎರಡೂ ಕೈ ಇಟ್ಟು ಸುಮಾರು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಬೇಕು. ಡಿಫಿಬ್ರಿಲೇಟರ್ ಹತ್ತಿರದಲ್ಲಿದ್ದರೆ ತರಿಸಬೇಕು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್‌ಸನ್ ಮ್ಯಾಚ್ ನಡುವೆ ಬಿದ್ದಾಗ ಮಾಡಿದ್ದು ಇದನ್ನೇ. ಅವರು ಬದುಕಿದರು, ಮುಂದಿನ ವರ್ಷ ಮತ್ತೆ ಆಡಿದರು.

ನನ್ನ ಗೆಳೆಯನ ಇಸಿಜಿ, ಆಮೇಲೆ ಮಾಡಿಸಿದ ಟೆಸ್ಟ್‌ಗಳು ಎಲ್ಲಾ ನಾರ್ಮಲ್ ಬಂದವು. ಬಿದ್ದವನನ್ನು ಮತ್ತೆ ಆಡೋಕೆ ಬಿಟ್ಟಿದ್ದಕ್ಕೆ ಡಾಕ್ಟರ್ ಚೆನ್ನಾಗಿ ಬೈದರಂತೆ. ಆ ಬೈಗುಳ ಸೇರಬೇಕಾಗಿದ್ದು ಅವನಿಗಲ್ಲ, ಗ್ಲೂಕೋಸ್ ಕುಡಿಸಿ ಅವನನ್ನು ಮತ್ತೆ ಗ್ರೌಂಡಿಗೆ ಕಳಿಸಿದ ನಮಗೆ. ಒಂದು ಮಿಲಿವೋಲ್ಟ್ ಸಿಗ್ನಲ್ ಹಿಡಿಯೋಕೆ ಒಬ್ಬರು ಇಷ್ಟು ವರ್ಷ ಒದ್ದಾಡಿದ್ದಾರೆ. ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನಮ್ಮ ಕೈಲೂ ಆಗ್ತಿತ್ತು. ಮುಂದಿನ ಸಲ ಹಾಗೆ ಮಾಡಲ್ಲ.